ಆಪರೇಷನ್ ದಿನ ಬರುವ ತನಕ ಮಗುವಿನ ಕಿವಿ

ಕಿವಿ ನೋವಿರುವ ಮಗು ಹಗಲಿಗಿಂತ ರಾತ್ರಿಯೇ ಹೆಚ್ಚು ಅಳುತ್ತದೆ. ಹಗಲೆಲ್ಲ ಅಂಗಳದಲ್ಲಿ ಕೋಳಿಮರಿಯ ಹಿಂದೆ ಓಡಾಡಿಕೊಂಡಿದ್ದ ಕೂಸು ಮಲಗಿಸಿದ ಸ್ವಲ್ಪ ಹೊತ್ತಿಗೆ ಚೀರಿ ಏಳುತ್ತದೆ, ಕಿವಿ ಎಳೆದುಕೊಳ್ಳುತ್ತದೆ, ತಲೆಯನ್ನು ಅಮ್ಮನ ತೋಳಿಗೆ ಉಜ್ಜುತ್ತದೆ. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ಬಾಯಿ ಬಿಡುತ್ತದೆ. ಎತ್ತಿಕೊಂಡು ಓಡಾಡಿದರೆ ಸುಮ್ಮನಾಗುತ್ತದೆ, ತೊಟ್ಟಿಲಿಗೆ ಹಾಕಿದರೆ ಮತ್ತೆ ಅದೇ ಅಳು. ಮನೆಯವರು ಹಟ ಎನ್ನುತ್ತಾರೆ, ಹಲ್ಲು ಬರುತ್ತಿದೆ ಎನ್ನುತ್ತಾರೆ, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತಾರೆ. ಕಾರಣ ಸರಳವಾಗಿದೆ: ಮಲಗಿದಾಗ ಕಿವಿಯ ಒಳಗಿನ ಒತ್ತಡ ಏರುತ್ತದೆ, ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡಾಗ ಕೊಂಚ ಇಳಿಯುತ್ತದೆ. ಹಾಲು ಚೀಪಿ ನುಂಗುವಾಗಲೂ ಆ ಒತ್ತಡ ಏರಿಳಿಯುವುದರಿಂದಲೇ ಹಸಿದ ಮಗು ಹಾಲು ಬಿಟ್ಟು ಅಳುವುದು.

ಇಂಥ ಮಗುವನ್ನು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಅವರು 'ಕಿವಿಯೊಳಗೆ ನೀರು ನಿಂತಿದೆ, ಸಣ್ಣ ಪೈಪ್ ಹಾಕಬೇಕು' ಎಂದು ಹೇಳಿ, ಆಪರೇಷನ್‌ಗೆ ತಾರೀಖು ಕೊಟ್ಟ ಮೇಲೆ ಶುರುವಾಗುವ ವಾರಗಳ ಬಗ್ಗೆ ಈ ಬರಹ. ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯ ಮೇಲಿರುವ ತಳಕಿನಂಥ ಊರಿಗೆ ಈ ವಾರಗಳು ಉದ್ದ. ಆಡಳಿತಕ್ಕೆ ಚಳ್ಳಕೆರೆ ತಾಲ್ಲೂಕು, ಓಟಿಗೆ ಮೊಳಕಾಲ್ಮುರು ಕ್ಷೇತ್ರ. ಆದರೆ ಎರಡು ವರ್ಷದ ಮಗುವಿಗೆ ಅರಿವಳಿಕೆ ಕೊಟ್ಟು ಕಿವಿಯ ಆಪರೇಷನ್ ಮಾಡಿಸಬೇಕೆಂದರೆ ಜನ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಇಲ್ಲವೇ ಬೆಂಗಳೂರಿನ ಬಸ್ಸು ಹತ್ತಬೇಕು. ಕೊಟ್ಟ ತಾರೀಖಿನ ಹೊತ್ತಿಗೆ ಮಗುವಿಗೆ ನೆಗಡಿಯೋ ಜ್ವರವೋ ಬಂದರೆ ಅರಿವಳಿಕೆ ಡಾಕ್ಟರು ಮುಂದೂಡುತ್ತಾರೆ. ಮುಂದೂಡುವುದು ಮಗುವಿನ ಉಸಿರಾಟದ ಸುರಕ್ಷತೆಗಾಗಿ, ಅದು ಸರಿಯೂ ಹೌದು. ಆದರೆ ಅಷ್ಟೂ ದಿನ ಆ ನೋವನ್ನು ಯಾರು ನೋಡಿಕೊಳ್ಳಬೇಕು? 'ಹೇಗಿದ್ದರೂ ಆಪರೇಷನ್ ಆಗುತ್ತದಲ್ಲ' ಎಂದು ಮಗುವನ್ನು ಅಳಲು ಬಿಡುವುದು ತಪ್ಪು. ನೋವು ಇಳಿಸುವುದೂ ಚಿಕಿತ್ಸೆಯೇ. ಅದರ ಬಹುಪಾಲು ಮನೆಯಲ್ಲೇ ಆಗಬೇಕಾದ್ದು.

ಮೊದಲು ಕಿವಿಯ ಒಳಗೆ ನಡೆಯುತ್ತಿರುವುದೇನೆಂದು ತಿಳಿಯಬೇಕು. ಕಿವಿಯ ತೂತಿನ ಕೊನೆಗೆ ತಮಟೆಯಂತೆ ಬಿಗಿದ ತೆಳು ಪೊರೆಯಿದೆ. ಕಿವಿತಮಟೆ ಎನ್ನುವುದು ಅದನ್ನೇ. ಅದರ ಆಚೆಗೆ ಗಾಳಿ ತುಂಬಿರಬೇಕಾದ ಪುಟ್ಟ ಕೋಣೆ, ಅದು ನಡುಗಿವಿ. ಆ ಕೋಣೆಯಿಂದ ಮೂಗಿನ ಹಿಂಬದಿಗೆ ಒಂದು ಸಣ್ಣ ನಾಳ ಹೋಗುತ್ತದೆ. ಹದಿನಾರನೇ ಶತಮಾನದ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯೂಸ್ಟೇಕಿಯ ಹೆಸರಿನಲ್ಲಿ ಅದನ್ನು ಯೂಸ್ಟೇಷಿಯನ್ ನಾಳ ಎಂದು ಕರೆಯುತ್ತಾರೆ. ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಅದು ಕ್ಷಣಕಾಲ ತೆರೆದು ನಡುಗಿವಿಗೆ ಹೊಸ ಗಾಳಿ ಬಿಡುತ್ತದೆ, ಅಲ್ಲಿನ ತೇವವನ್ನು ಗಂಟಲಿಗೆ ಇಳಿಸುತ್ತದೆ. ದೊಡ್ಡವರಲ್ಲಿ ಈ ನಾಳ ಸುಮಾರು 36 ಮಿಲಿಮೀಟರ್ ಉದ್ದವಿದ್ದು 45 ಡಿಗ್ರಿಯಷ್ಟು ಇಳಿಜಾರಾಗಿರುತ್ತದೆ. ಹಸುಗೂಸಿನಲ್ಲಿ ಉದ್ದ ಅದರ ಅರ್ಧದಷ್ಟು, ಇಳಿಜಾರು 10 ಡಿಗ್ರಿಯ ಆಸುಪಾಸು, ಎಂದರೆ ಹೆಚ್ಚುಕಡಿಮೆ ಅಡ್ಡಡ್ಡ. ಅದರ ಗೋಡೆಯೂ ಮೆತ್ತಗೆ. ನೆಗಡಿ ಬಂದು ಮೂಗಿನ ಹಿಂಬದಿ ಊದಿಕೊಂಡರೆ, ಅಲ್ಲೇ ಇರುವ ಅಡಿನಾಯ್ಡ್ ಎಂಬ ಮಾಂಸದ ಗಂಟು ದಪ್ಪಗಾದರೆ ನಾಳ ಮುಚ್ಚಿಹೋಗುತ್ತದೆ. ಒಳಗಿನ ಗಾಳಿಯನ್ನು ಮೈ ಹೀರಿಕೊಳ್ಳುತ್ತದೆ, ತಮಟೆ ಒಳಕ್ಕೆ ಜಗ್ಗುತ್ತದೆ, ಕೋಣೆಯಲ್ಲಿ ನೀರು ಒಸರಿ ನಿಲ್ಲುತ್ತದೆ. ದಿನ ಕಳೆದಂತೆ ಆ ನೀರು ಅಂಟಂಟಾಗುವುದೂ ಉಂಟು. ಮಕ್ಕಳು ಏಳೆಂಟು ವರ್ಷಕ್ಕೆ ಬಂದಾಗ ನಾಳ ಬೆಳೆದು ಇಳಿಜಾರಾಗುವುದರಿಂದ ಈ ತೊಂದರೆ ಬಹುತೇಕ ತಾನಾಗಿ ಹಿಂದೆ ಸರಿಯುತ್ತದೆ.

ಹೀಗೆ ನೀರು ನಿಂತಾಗ ಇರುವುದು ಸಾಮಾನ್ಯವಾಗಿ ಮಂದ ನೋವು, ಕಿವಿ ಗಡಚಿಕ್ಕಿದಂಥ ಕಿರಿಕಿರಿ. ಅದರ ಮೇಲೆ ಸೋಂಕು ತಗುಲಿ ಕೀವಾದಾಗ ತಮಟೆ ಹೊರಕ್ಕೆ ಉಬ್ಬಿ ಜೋರು ನೋವು, ಜ್ವರ ಬರುತ್ತದೆ. ಪೈಪಿಗಾಗಿ ಕಾಯುತ್ತಿರುವ ಮಗು ಈ ಎರಡರ ನಡುವೆ ಹೋಗಿಬಂದು ಮಾಡುತ್ತಿರುತ್ತದೆ. ಆದ್ದರಿಂದ ಒಂದು ರಾತ್ರಿ ಬರೀ ಎತ್ತಿಕೊಂಡರೆ ಸಾಕಾದ ಮಗುವಿಗೆ ಇನ್ನೊಂದು ರಾತ್ರಿ ಔಷಧಿ ಬೇಕಾಗಬಹುದು.

ಈಗ ಎಣ್ಣೆಯ ವಿಷಯ. ಚಳ್ಳಕೆರೆ ಎಣ್ಣೆ ನಗರ. ಶೇಂಗಾ ಬೆಳೆದು, ಗಾಣ ಮತ್ತು ಮಿಲ್ಲುಗಳಲ್ಲಿ ಎಣ್ಣೆ ತೆಗೆದು ಹೆಸರಾದ ಸೀಮೆ ಇದು. ಇಲ್ಲಿ ಮೈಗೆ, ತಲೆಗೆ, ದೀಪಕ್ಕೆ, ಒಗ್ಗರಣೆಗೆ ಎಲ್ಲಕ್ಕೂ ಎಣ್ಣೆ. ಮಗು ಕಿವಿ ಹಿಡಿದು ಅತ್ತರೆ ಮೊದಲು ಬರುವ ಮಾತೂ ಅದೇ: 'ಕಿವಿಗೆ ಗಾಳಿ ಹೊಕ್ಕೈತೆ, ಬೆಳ್ಳುಳ್ಳಿ ಹಾಕಿ ಕಾಯಿಸಿ ಎರಡು ತೊಟ್ಟು ಎಣ್ಣೆ ಬಿಡವ್ವ, ಸರಿ ಹೋಗ್ತೈತೆ.' ಹೇಳುವ ಅಜ್ಜಿಗೆ ಮಗುವಿನ ಮೇಲೆ ಪ್ರಾಣ. ಆ ಅಕ್ಕರೆಯನ್ನು ಯಾರೂ ಅಲ್ಲಗಳೆಯಬಾರದು. ಆದರೆ ಎಣ್ಣೆ ನೋವಿರುವ ಜಾಗಕ್ಕೆ ಹೋಗುವುದೇ ಇಲ್ಲ. ನೀರು ನಿಂತಿರುವುದು ತಮಟೆಯ ಆಚೆಗೆ, ಎಣ್ಣೆ ನಿಲ್ಲುವುದು ಈಚೆಗೆ. ಗಾಳಿಯ ಮಾತೂ ಹಾಗೆಯೇ. ಆಷಾಢದಲ್ಲಿ ಈ ಬಯಲಲ್ಲಿ ಬೀಸುವ ಗಾಳಿಗೆ ದೊಡ್ಡವರೇ ಕಿವಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಮಗುವಿಗೂ ಕುಲಾವಿ ಕಟ್ಟಿದರೆ ಬೆಚ್ಚಗಿರುತ್ತದೆ, ತಪ್ಪೇನಿಲ್ಲ. ಆದರೆ ಹೊರಗಿನ ಗಾಳಿ ತಮಟೆ ದಾಟಿ ಒಳಹೊಕ್ಕು ನೋವು ತರುವುದಿಲ್ಲ. ನಿಜಕ್ಕೂ ಅಲ್ಲಿ ಗಾಳಿಯ ಕೊರತೆಯೇ ತೊಂದರೆ.

ಹಾಗಾದರೆ ಎಣ್ಣೆ ಬಿಟ್ಟ ಮೇಲೆ ಎಷ್ಟೋ ಮಕ್ಕಳಿಗೆ ವಾಸಿಯಾಯಿತಲ್ಲ ಎಂದು ಹಿರಿಯರು ಕೇಳಿದರೆ ಆ ಪ್ರಶ್ನೆಗೆ ಮರ್ಯಾದೆಯಿಂದ ಉತ್ತರ ಕೊಡಬೇಕು. ಬೆಚ್ಚಗಿನದು ತಾಗಿದರೆ ಸ್ವಲ್ಪ ಹಿತವೆನಿಸುತ್ತದೆ, ಅದು ನಿಜ. ಕಿವಿಯ ಸೋಂಕಿನ ನೋವು ಬಹಳ ಮಕ್ಕಳಲ್ಲಿ ಎರಡು ಮೂರು ದಿನಕ್ಕೆ ತಾನಾಗಿಯೇ ತಗ್ಗುತ್ತದೆ. ಆ ದಿನಗಳಲ್ಲಿ ಬಿಟ್ಟ ಎಣ್ಣೆಗೆ ಹೆಸರು ಬರುತ್ತದೆ. ಇನ್ನೊಂದು ಕಾರಣವೂ ಇದೆ, ಅದು ಮುಖ್ಯವಾದದ್ದು. ಕೀವಿನ ಒತ್ತಡ ತಡೆಯಲಾರದೆ ತಮಟೆ ಹರಿದರೆ ಕೀವು ಹೊರಗೆ ಬಂದು ನೋವು ಥಟ್ಟನೆ ನಿಲ್ಲುತ್ತದೆ. 'ಎಣ್ಣೆ ಬಿಟ್ಟಿದ್ದಕ್ಕೆ ಕಿವಿ ಸೋರಿ ಕೆಟ್ಟದ್ದೆಲ್ಲ ಹೊರಗೆ ಬಂತು' ಎಂದು ಮನೆಯವರು ನೆಮ್ಮದಿಪಡುತ್ತಾರೆ. ತಮಟೆಯಲ್ಲಿ ತೂತಾಗಿರುವಾಗ ಮತ್ತೆ ಬಿಡುವ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಎಲ್ಲವೂ ನೇರ ನಡುಗಿವಿಗೆ ಇಳಿಯುತ್ತವೆ, ಜೊತೆಗೆ ಕೊಳೆಯನ್ನೂ ಒಯ್ಯುತ್ತವೆ. ಎಣ್ಣೆ ಜಿಡ್ಡು ಕೂತ ಕಿವಿಯಲ್ಲಿ ಬೂಸ್ಟು ಬೆಳೆಯುವುದನ್ನು ಇಎನ್‌ಟಿ ಡಾಕ್ಟರುಗಳು ದಿನನಿತ್ಯ ನೋಡುತ್ತಾರೆ. ವರ್ಷಗಟ್ಟಲೆ ಸೋರುವ ಕಿವಿಗಳ ಹಿಂದೆ ಹೀಗೆ ತೂತು ಮುಚ್ಚದೆ ಉಳಿದ ತಮಟೆಯಿರುತ್ತದೆ. ಕಿವಿ ಸೋರಲು ಶುರುವಾದರೆ ಅದನ್ನು ವಾಸಿಯ ಗುರುತೆಂದು ಬಿಡದೆ ಡಾಕ್ಟರಿಗೆ ತೋರಿಸಿ.

ಎರೆಯುವ ದಿನದ ಪದ್ಧತಿಯನ್ನೂ ಈ ಕೆಲವು ವಾರ ಸ್ವಲ್ಪ ತಿದ್ದಿಕೊಳ್ಳಬೇಕು. ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯಿರಿ, ಮಗುವಿಗೆ ಅದರಿಂದ ಸುಖನಿದ್ದೆ. ಕಿವಿಗೆ ಮೂಗಿಗೆ ಎಣ್ಣೆ ಬಿಡುವುದು, ಬಾಯಿಟ್ಟು ಊದುವುದು ಬೇಡ. ಎರೆದ ಮೇಲೆ ಸಾಂಬ್ರಾಣಿ ಹೊಗೆಯ ಮೇಲೆ ಮಗುವನ್ನು ಹಿಡಿಯುವುದಂತೂ ಖಂಡಿತ ಬೇಡ. ಹೊಗೆ ಮೂಗಿನ ಒಳಪದರವನ್ನು ಕೆರಳಿಸಿ ಊದಿಸುತ್ತದೆ, ಮುಚ್ಚಿದ ನಾಳ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಒಲೆಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ, ಅಪ್ಪನೋ ಅಜ್ಜನೋ ಪಡಸಾಲೆಯಲ್ಲಿ ಕೂತು ಸೇದುವ ಬೀಡಿಯ ಹೊಗೆ ಎಲ್ಲಕ್ಕೂ ಇದೇ ಮಾತು. ಬೀಡಿ–ಸಿಗರೇಟು ಸೇದುವವರಿರುವ ಮನೆಯ ಮಕ್ಕಳಿಗೆ ಕಿವಿಯ ತೊಂದರೆ ಹೆಚ್ಚು ಎನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಮಗುವಿನ ಮುಂದೆ ಬೀಡಿ ಹಚ್ಚದಿರುವುದು ಒಂದು ಕಾಸೂ ಖರ್ಚಿಲ್ಲದ ಚಿಕಿತ್ಸೆ, ಅಪ್ಪನ ಕೈಯಲ್ಲೇ ಇರುವ ಚಿಕಿತ್ಸೆ.

ನೋವಿಗೆ ನಿಜಕ್ಕೂ ಕೆಲಸ ಮಾಡುವ ಔಷಧಿ ಪ್ಯಾರಾಸಿಟಮಾಲ್. ಹಳೆಯದು, ಅಗ್ಗದ್ದು, ಅಳತೆ ತಪ್ಪದಿದ್ದರೆ ಮಕ್ಕಳಿಗೆ ಸುರಕ್ಷಿತ. ಜ್ವರಕ್ಕೆ ಮಾತ್ರ ಕೊಡಬೇಕೆಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ತಾಯಂದಿರು ಜ್ವರವಿಲ್ಲದ ಕಿವಿನೋವಿಗೆ ಕೊಡುವುದೇ ಇಲ್ಲ. ಒಂದು ಸಲದ ಅಳತೆ, ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ ಸಲಕ್ಕೆ 100ರಿಂದ 150 ಮಿಲಿಗ್ರಾಂ ಆಯಿತು. ಎರಡು ಡೋಸ್ ನಡುವೆ 4ರಿಂದ 6 ಗಂಟೆ ಬಿಡಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಮಲಗಿಸುವ ಅರ್ಧ ಗಂಟೆ ಮೊದಲು ಕೊಟ್ಟರೆ ರಾತ್ರಿಯ ಮೊದಲ ನಿದ್ದೆ ಸಿಗುತ್ತದೆ.

ಎಡವಟ್ಟಾಗುವುದು ಬಾಟಲಿಯಲ್ಲಿ. ಮೆಡಿಕಲ್ ಸ್ಟೋರಿನಲ್ಲಿ 'ಜ್ವರದ ಸಿರಪ್' ಎಂದು ಕೇಳಿದರೆ ಮೂರು ಬಗೆಯವು ಸಿಗುತ್ತವೆ. ಒಂದರ 5 ಮಿಲಿಲೀಟರ್‌ನಲ್ಲಿ 120 ಅಥವಾ 125 ಮಿಲಿಗ್ರಾಂ ಔಷಧಿ ಇರುತ್ತದೆ. ಇನ್ನೊಂದರ ಅದೇ 5 ಮಿಲಿಲೀಟರ್‌ನಲ್ಲಿ 250. ಡ್ರಾಪರ್ ಜೊತೆ ಬರುವ ಪುಟ್ಟ ಬಾಟಲಿಯಲ್ಲಿ ಒಂದೇ ಮಿಲಿಲೀಟರ್‌ಗೆ 100. ಹೋದ ಸಲ ತಂದದ್ದು ಮೊದಲನೆಯದಾಗಿ, ಈ ಸಲ ಸಿಕ್ಕಿದ್ದು ಎರಡನೆಯದಾದರೆ, ರೂಢಿಯ ಒಂದು ಚಮಚ ಹಾಕಿದರೂ ಅಳತೆ ಇಮ್ಮಡಿಯಾಯಿತು. ಡ್ರಾಪ್ಸ್ ಬಾಟಲಿಯ ಔಷಧಿಯನ್ನು 5 ಮಿಲಿಲೀಟರ್ ಕುಡಿಸಿದರೆ 500 ಮಿಲಿಗ್ರಾಂ, ಹತ್ತು ಕಿಲೋ ಮಗು ತಡೆಯಬಲ್ಲ ಅಳತೆಯ ಮೂರು ಪಟ್ಟಿಗೂ ಮೇಲೆ. ಹೀಗೆ ಮತ್ತೆ ಮತ್ತೆ ಆದರೆ ಪಿತ್ತಜನಕಾಂಗಕ್ಕೇ ಪೆಟ್ಟು. ಡಾಕ್ಟರ ಬಳಿ ಹೋದಾಗ ಮಗುವನ್ನು ತೂಕ ಮಾಡಿಸಿ, ನೀವು ಕೊಂಡ ಬಾಟಲಿಯನ್ನೇ ತೋರಿಸಿ, 'ಇದರಲ್ಲಿ ಎಷ್ಟು ಮಿಲಿಲೀಟರ್' ಎಂದು ಕೇಳಿ ಅದರ ಮೇಲೇ ಬರೆಸಿಕೊಳ್ಳಿ. ಅಡುಗೆಮನೆಯ ಚಮಚ ಬೇಡ. ಮುಚ್ಚಳದ ಗೆರೆ ಅಥವಾ ಸೂಜಿ ತೆಗೆದ ಸಿರಿಂಜ್ ಇರಲಿ. ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅತ್ತೆ ಒಂದು ಸಲ, ಸೊಸೆ ಒಂದು ಸಲ ಗೊತ್ತಿಲ್ಲದೆ ಎರಡೆರಡು ಕೊಡುವುದು ಇದರಿಂದ ತಪ್ಪುತ್ತದೆ.

ಐಬುಪ್ರೊಫೆನ್ ಕೂಡ ಕಿವಿನೋವಿಗೆ ಒಳ್ಳೆಯದೇ. ಆದರೆ ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ, ವಾಂತಿ ಭೇದಿಯಾಗಿ ಸೊರಗಿದ ಮಗುವಿಗೆ ಕೊಡುವಂತಿಲ್ಲ. ಆಪರೇಷನ್ ಹತ್ತಿರ ಬಂದಾಗ ಕೊಡಬಹುದೇ ಎಂದು ಸರ್ಜನ್ನರನ್ನೇ ಕೇಳಬೇಕು. ಎರಡನ್ನೂ ಸೇರಿಸಿದ ಸಿರಪ್‌ಗಳು ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅದನ್ನು ಕುಡಿಸಿ, ಮೇಲೆ ಬರೀ ಪ್ಯಾರಾಸಿಟಮಾಲನ್ನೂ ಕುಡಿಸಿಬಿಡುವ ಅಪಾಯವಿದೆ. ಆಸ್ಪಿರಿನ್ ಮಕ್ಕಳಿಗೆ ಬೇಡ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಕೆಮ್ಮು–ನೆಗಡಿಯ ಸಿರಪ್‌ಗಳಂತೂ ನಿಂತ ನೀರನ್ನು ಕರಗಿಸುವುದಿಲ್ಲ. ಅಲರ್ಜಿ ಔಷಧಿ, ಮೂಗು ಬಿಡಿಸುವ ಔಷಧಿಗಳಿಂದ ಕಿವಿಯ ನೀರಿಗೆ ಪ್ರಯೋಜನವಿಲ್ಲವೆಂದು ಪರೀಕ್ಷೆಗಳೇ ತೋರಿಸಿವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಇಂಥ ಸಿರಪ್ ಬೇಡ, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಎಚ್ಚರಿಕೆ ಹೊರಡಿಸಿತು. ಅದನ್ನು ಮರೆಯಬಾರದು.

ಹೋದ ವರ್ಷ ದೊಡ್ಡ ಮಗನಿಗೆ ತಂದು ಉಳಿದ ಇಯರ್ ಡ್ರಾಪ್ಸ್ ಕಪಾಟಿನಲ್ಲಿದ್ದರೆ ಅದನ್ನೂ ಮುಟ್ಟಬೇಡಿ. ತಮಟೆ ಗಟ್ಟಿಯಾಗಿದ್ದರೆ ಆ ಹನಿ ಒಳಗೆ ಹೋಗದು. ತೂತಾಗಿದ್ದರೆ ಜೆಂಟಾಮೈಸಿನ್, ನಿಯೋಮೈಸಿನ್‌ನಂಥವು ಒಳಗಿವಿಗೆ ಇಳಿದು ಕೇಳುವ ಶಕ್ತಿಗೇ ಕುತ್ತು ತರಬಲ್ಲವು. ಹನಿ ಹಾಕಬೇಕೋ ಬೇಡವೋ ಎನ್ನುವುದು ಕಿವಿಯೊಳಗೆ ದೀಪ ಬಿಟ್ಟು ತಮಟೆ ನೋಡಿದವರು ಹೇಳಬೇಕಾದ ಮಾತು. ಕಡ್ಡಿ, ಹೇರ್‌ಪಿನ್, ಇಯರ್ ಬಡ್‌ಗೆ ಮಗುವಿನ ಕಿವಿಯಲ್ಲಿ ಜಾಗವೇ ಇಲ್ಲ.

ಔಷಧಿ ಕೆಲಸ ಶುರುಮಾಡುವ ತನಕದ ಅರ್ಧ ಗಂಟೆ, ಮುಕ್ಕಾಲು ಗಂಟೆ ತಾಯಿಗೆ ಬಹಳ ಕಷ್ಟದ್ದು. ಆಗ ಮಗುವನ್ನು ನೆಟ್ಟಗೆ ಎತ್ತಿಕೊಳ್ಳಿ, ನೋಯುವ ಕಿವಿ ನಿಮ್ಮ ಎದೆಗೋ ಹೆಗಲಿಗೋ ತಾಗಿರಲಿ. ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ ಮೊದಲು ಒತ್ತಿ ನೋಡಿ. ಅಲ್ಲಿ ಹಿತವಾಗಿದ್ದರೆ ಮಾತ್ರ ಮಗುವಿನ ಕಿವಿಯ ಹೊರಗೆ ಹತ್ತು ನಿಮಿಷ ಹಿಡಿಯಿರಿ. ಹಂಚಿನ ಮೇಲೆ ಹುರಿದ ಉಪ್ಪಿನ ಗಂಟಿನಿಂದ ಶಾಖ ಕೊಡುವುದು ಬೇಡ, ಮಗುವಿನ ಚರ್ಮ ನಮ್ಮದಕ್ಕಿಂತ ಬೇಗ ಸುಡುತ್ತದೆ. ಬಿಸಿನೀರಿನ ಬ್ಯಾಗನ್ನು ಪಕ್ಕದಲ್ಲಿಟ್ಟು ಮಲಗಿಸುವುದೂ ಬೇಡ. ಕೆಲವು ಮಕ್ಕಳಿಗೆ ತಣ್ಣನೆ ಬಟ್ಟೆಯೇ ಹಿತ. ಯಾವುದಕ್ಕೆ ಸುಮ್ಮನಾಗುತ್ತದೋ ಅದೇ ಸರಿ. ಒಂದು ವರ್ಷ ದಾಟಿದ ಮಗುವಿನ ತಲೆಯ ಭಾಗದ ಹಾಸಿಗೆಯ ಕೆಳಗೆ ಮಡಚಿದ ಕಂಬಳಿ ಇಟ್ಟು ಕೊಂಚ ಎತ್ತರಿಸಬಹುದು. ಒಂದು ವರ್ಷದೊಳಗಿನ ಕೂಸಿಗೆ ದಿಂಬಾಗಲಿ ಎತ್ತರವಾಗಲಿ ಬೇಡ, ಉಸಿರು ಕಟ್ಟುವ ಅಪಾಯವಿದೆ. ಅದನ್ನು ಎಚ್ಚರವಿರುವ ದೊಡ್ಡವರು ಎತ್ತಿಕೊಂಡು ಸಮಾಧಾನ ಮಾಡಿ, ನಿದ್ದೆ ಬಂದ ಮೇಲೆ ಸಮತಟ್ಟಾಗಿ ಅಂಗಾತ ಮಲಗಿಸಬೇಕು.

ನುಂಗುವುದೇ ನಾಳ ತೆರೆಯುವ ಸಹಜ ಉಪಾಯ. ಆದ್ದರಿಂದ ಆಗಾಗ ಗುಟುಕು ಗುಟುಕಾಗಿ ನೀರು, ಬೆಚ್ಚನೆ ತಿಳಿಸಾರು, ತೆಳ್ಳನೆ ರಾಗಿಗಂಜಿ ಕೊಡುತ್ತಿರಿ. ಅಗಿಯಲು ನೋವಾಗುವ ದಿನ ಮುದ್ದೆಯನ್ನು ಸಾರಿನಲ್ಲಿ ನುಣ್ಣಗೆ ಕಲಸಿದರೆ ಸಲೀಸು. ಎದೆಹಾಲು ಕುಡಿಯುವ ಮಗುವಿಗೆ ಧಾರಾಳವಾಗಿ ಕೊಡಿ, ತಲೆ ಹೊಟ್ಟೆಗಿಂತ ಮೇಲಿರಲಿ. ಬಾಟಲಿ ಬಾಯಿಗಿಟ್ಟು ಅಂಗಾತ ಮಲಗಿಸುವ ರೂಢಿಯಿದ್ದರೆ ಇದೇ ಸಮಯಕ್ಕೆ ಬಿಡಿಸಿ, ಆ ಹಾಲು ನಾಳದ ಬಾಯಿಗೇ ಹೋಗುತ್ತದೆ. ಹಾಗೆಂದು ಅಗಿದರೆ ಕಿವಿ ಬಿಡುತ್ತದೆ ಎಂಬ ಆಸೆಗೆ ಚ್ಯೂಯಿಂಗ್ ಗಮ್ಮನ್ನೋ, ಮನೆ ತುಂಬ ಇರುವ ಶೇಂಗಾ ಬೀಜವನ್ನೋ ಎರಡು ವರ್ಷದ ಮಗುವಿನ ಕೈಗೆ ಕೊಡಬೇಡಿ. ಇಡೀ ಶೇಂಗಾ ಬೀಜ ಶ್ವಾಸನಾಳಕ್ಕೆ ಸಿಕ್ಕಿಕೊಂಡು ಆಸ್ಪತ್ರೆಗೆ ಓಡಿಬರುವ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಮೂಗು ಕಟ್ಟಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮಕ್ಕಳ ಉಪ್ಪುನೀರಿನ ಹನಿ ಸಾಕು. ಮಲಗಿಸುವ ಮುಂಚೆ, ಹಾಲು ಕೊಡುವ ಮುಂಚೆ ಎರಡೆರಡು ಹನಿ ಹಾಕಿ ಸಿಂಬಳ ಒರೆಸಿದರೆ ಉಸಿರು ಸರಾಗವಾಗುತ್ತದೆ.

ನೋವು ಎಲ್ಲರಿಗೂ ಕಾಣುತ್ತದೆ. ಕೇಳಿಸದಿರುವುದು ಕಾಣುವುದಿಲ್ಲ. ನಡುಗಿವಿಯಲ್ಲಿ ನೀರು ನಿಂತಾಗ ಕೇಳುವ ಶಕ್ತಿ ಸರಾಸರಿ 25 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಜೋರು ಮಾತು ಕೇಳಿಸುತ್ತದೆ, ಮೆಲುಮಾತು ಜಾರಿಹೋಗುತ್ತದೆ. ಮಗು ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಟಿವಿ ಹತ್ತಿರ ಹೋಗಿ ನಿಲ್ಲುತ್ತದೆ, ಹೇಳಿದ್ದನ್ನು ಮಾಡುವುದಿಲ್ಲ, ಮಾತು ತಡವಾಗುತ್ತದೆ. ಚಳ್ಳಕೆರೆ–ಮೊಳಕಾಲ್ಮುರು ಗಡಿಸೀಮೆಯಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: 'ಮನೇಲಿ ತೆಲುಗು, ಅಂಗನವಾಡೀಲಿ ಕನ್ನಡ, ಅದಕ್ಕೇ ಮಾತು ತಡ.' ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಗು ಮೂಕವಾಗುವುದಿಲ್ಲ. ಈ ಸೀಮೆಯಲ್ಲಿ ತಲೆಮಾರುಗಳಿಂದ ಮಕ್ಕಳು ಎರಡನ್ನೂ ಕಲಿತು ಎರಡರಲ್ಲೂ ಬಾಳಿದ್ದಾರೆ. ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಮೊದಲ ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರ, ಕಾದಂಬರಿಕಾರ ತ.ರಾ.ಸು. ಅವರ ಹೆಸರಿಗೆ ಅಂಟಿಕೊಂಡ ಊರು ತಳಕು. ಇಲ್ಲಿನ ಒಂದು ಮಗುವೂ ಕೇಳಿಸದ ಕಾರಣಕ್ಕೆ ಮಾತಿನಲ್ಲಿ ಹಿಂದೆ ಬೀಳಬಾರದು ಎಂದು ನನ್ನ ಹಂಬಲ.

ಆದ್ದರಿಂದ ಕಾಯುವ ವಾರಗಳಲ್ಲಿ ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ಮುಖ ಕಾಣುವಂತೆ, ಒಂದು ತೋಳಿನಳತೆಯಲ್ಲಿ ಮಾತಾಡಿ. ಟಿವಿ, ಮೊಬೈಲಿನ ಸದ್ದು ನಿಲ್ಲಿಸಿ. ಹೆಸರು ಹಿಡಿದು ಕರೆದು, ತಿರುಗಿದ ಮೇಲೆ ವಿಷಯ ಹೇಳಿ. ಕಿರುಚುವುದು ಬೇಡ, ನಿಧಾನಕ್ಕೆ ಬಿಡಿಸಿ ಹೇಳಿದರೆ ಸಾಕು. ಅಂಗನವಾಡಿ ಟೀಚರಿಗೆ 'ಇವನಿಗೆ ಸದ್ಯ ಕೇಳೋದು ಕಮ್ಮಿ, ಮುಂದೆ ಕೂರಿಸಿಕೊಳ್ರಮ್ಮ' ಎಂದು ತಿಳಿಸಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಶ್ರವಣದೋಷ ಅದರ ಪಟ್ಟಿಯಲ್ಲೇ ಇದೆ. ತಂಡ ಬಂದ ದಿನ ಮಗುವನ್ನು ತಪ್ಪದೆ ಕರೆದೊಯ್ದು ಕಿವಿಯ ವಿಷಯ ನೀವೇ ಎತ್ತಿ ಹೇಳಿ. ಮಾತು ಬಹಳ ಹಿಂದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ದೂರವಾದರೂ ಒಮ್ಮೆ ಹೋಗಿಬರಬೇಕಾದ ಜಾಗ.

ಕಾಯುವುದರಿಂದ ಮಗುವಿಗೆ ಅನ್ಯಾಯವಾಗುತ್ತಿದೆಯೇ ಎಂಬ ಸಂಕಟ ಹಲವರಿಗಿರುತ್ತದೆ. ಕಾಯುವುದು ಚಿಕಿತ್ಸೆಯ ಭಾಗವೇ. ನಿಂತ ನೀರು ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ. ಅದಕ್ಕೇ ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿ 2013ರಲ್ಲಿ ಹೊರತಂದು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ನೀರು ಮೂರು ತಿಂಗಳು ಮೀರಿ ಎರಡೂ ಕಿವಿಯಲ್ಲಿ ನಿಂತು ಕೇಳುವುದಕ್ಕೆ ತೊಂದರೆಯಾಗಿದ್ದರೆ ಪೈಪ್ ಹಾಕಿಸುವ ಅವಕಾಶ ಕೊಡಬೇಕೆನ್ನುತ್ತದೆ. ಮತ್ತೆ ಮತ್ತೆ ಸೋಂಕಾಗುವ ಮಕ್ಕಳ ಮಾತು ಬೇರೆ. 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಪಿಟ್ಸ್‌ಬರ್ಗಿನ ಅಧ್ಯಯನದಲ್ಲಿ 6ರಿಂದ 35 ತಿಂಗಳ ಅಂಥ 250 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಪೈಪ್ ಹಾಕಿದವರಿಗೂ ಆಯಾ ಸಲಕ್ಕೆ ಔಷಧಿ ಕೊಟ್ಟವರಿಗೂ ಸೋಂಕಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದ್ದರಿಂದ ಆಪರೇಷನ್‌ಗೆ ಮುಂಚೆ ಕಿವಿಯನ್ನು ಮತ್ತೊಮ್ಮೆ ಪರೀಕ್ಷಿಸುವಂತೆ ಕೇಳಿಕೊಳ್ಳುವುದು ನಿಮ್ಮ ಹಕ್ಕು. ನೀರು ಇಂಗಿದ್ದರೆ ಸರ್ಜನ್ನರೇ ಬೇಡ ಎನ್ನಬಹುದು.

ಬೇಕೇ ಬೇಕಾದರೆ ಹೆದರುವ ಆಪರೇಷನ್ ಅಲ್ಲ. ತಮಟೆಯಲ್ಲಿ ಸಣ್ಣ ಗೀರು ಮಾಡಿ, ನೀರು ಹೀರಿ ತೆಗೆದು, ಒಂದು ಮಿಲಿಮೀಟರ್ ಆಸುಪಾಸಿನ ತೂತಿರುವ ಪುಟ್ಟ ಪೈಪ್, ಎಂದರೆ ಗ್ರೋಮೆಟ್, ಕೂರಿಸುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಅಮೆರಿಕದ ಶಾರ್ಲಟ್‌ನ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ 1954ರಲ್ಲಿ ಪ್ಲಾಸ್ಟಿಕ್ ನಳಿಕೆ ಹಾಕಿ ತೋರಿಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಗೆ ಬಂತು. ನಳಿಕೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿ ಕಳಚಿ ಬೀಳುತ್ತದೆ. ಬಿಪಿಎಲ್ ಕಾರ್ಡಿದ್ದವರು ಆಸ್ಪತ್ರೆಯ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಈ ಆಪರೇಷನ್ ಬರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ತಾರೀಖಿಗೆ ಬಹಳ ಮುಂಚೆಯೇ ವಿಚಾರಿಸಿಕೊಳ್ಳಿ. ಆ ದಿನ ಬೆಳಿಗ್ಗೆ ಎಷ್ಟು ಹೊತ್ತಿನಿಂದ ಊಟ, ಹಾಲು, ನೀರು ಕೊಡಬಾರದೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರಯಾಣದಲ್ಲಿ ಅಳುವ ಮಗುವಿಗೆ ಕನಿಕರದಿಂದ ಕೊಟ್ಟ ಒಂದು ಬಿಸ್ಕತ್ತಿನಿಂದ ಆಪರೇಷನ್ ಇನ್ನೊಂದು ತಿಂಗಳು ಮುಂದೆ ಹೋಗಬಹುದು. ಹಿಂದಿನ ವಾರ ಗೌರಸಮುದ್ರದ ಮಾರಮ್ಮನದೋ ನಾಯಕನಹಟ್ಟಿಯದೋ ಜಾತ್ರೆ ಬಿದ್ದಿದ್ದರೆ ಮಗುವನ್ನು ಆ ಜನಸಂದಣಿಗೆ ಕರೆದೊಯ್ಯದಿದ್ದರೆ ನೆಗಡಿ ತಪ್ಪೀತು. ಲಸಿಕೆ ಕಾರ್ಡನ್ನೂ ತೆಗೆದು ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಕೊಡುವ ಅದು ಕಿವಿಯ ಸೋಂಕು ತರುವ ಒಂದು ಮುಖ್ಯ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ. ಯಾವುದಾದರೂ ಡೋಸ್ ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಯದಾಗಿ, ತಾರೀಖಿನ ತನಕ ಕಾಯಬಾರದ ಗುರುತುಗಳಿವೆ. ಕಿವಿಯ ಹಿಂದೆ ಕೆಂಪಾಗಿ ಊದಿ ಕಿವಿ ಮುಂದಕ್ಕೆ ಚಾಚಿಕೊಂಡರೆ, ಮುಖ ಒಂದು ಕಡೆ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ, ವಾಂತಿ ನಿಲ್ಲದಿದ್ದರೆ, ನಡೆಯುತ್ತಿದ್ದ ಮಗು ತೂರಾಡಿದರೆ, ಎಬ್ಬಿಸಿದರೂ ಮಂಕಾಗಿ ಬಿದ್ದುಕೊಂಡರೆ ಸೋಂಕು ಕಿವಿಯನ್ನು ದಾಟಿ ಮೂಳೆಗೋ ಮಿದುಳಿಗೋ ಹಬ್ಬುತ್ತಿರಬಹುದು. ಬೆಳಗಾಗಲಿ ಎಂದು ಕೂರಬೇಡಿ, ಆ ರಾತ್ರಿಯೇ 108ಕ್ಕೆ ಕರೆ ಮಾಡಿ. ಕಿವಿಯಿಂದ ಕೀವೋ ರಕ್ತವೋ ಸೋರಿದರೆ, ಜ್ವರ ಎರಡು ದಿನ ಬಿಡದಿದ್ದರೆ, ಸರಿಯಾದ ಅಳತೆಯಲ್ಲಿ ಕೊಟ್ಟ ಪ್ಯಾರಾಸಿಟಮಾಲಿಗೂ ನೋವು ಬಗ್ಗದಿದ್ದರೆ ಮಾರನೆಯ ದಿನವೇ ಡಾಕ್ಟರಿಗೆ ತೋರಿಸಿ, ಆಪರೇಷನ್ ಚೀಟಿಯನ್ನೂ ಜೊತೆಗೆ ಒಯ್ಯಿರಿ.